‘ಕೊರೊನಾ ಹೋಗಲಿ, ಆಮೇಲೆ ನೋಡೋಣ’ ಎನ್ನುವವರಿಗೆ



ಮೂರನೇ ಅಲೆ ಮಕ್ಕಳ ಮೇಲೆಯೇ ಬರುತ್ತದಂತೆ ಎಂಬ ಮಾತು 2021ರಲ್ಲಿ ಪ್ರತಿ ಮನೆಯಲ್ಲೂ ಇತ್ತು. ಟಿ.ವಿ.ಯವರು ಹಗಲೂ ರಾತ್ರಿ ಅದನ್ನೇ ಊದುತ್ತಿದ್ದರು. ತಾಯಂದಿರು ಸಿಕ್ಕಾಗಲೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಮಕ್ಕಳ ಕೊರೊನಾ ಲಸಿಕೆ ಯಾವಾಗ ಬರುತ್ತದೆ? ಆಗ ಇನ್ನೂ ಬಾರದಿದ್ದ ಲಸಿಕೆಗಾಗಿ ಅಷ್ಟು ಹಂಬಲಿಸಿದ ನಾವು, ಬಂದು ಮೂವತ್ತೈದು ವರ್ಷ ದಾಟಿದ, ಊರ ಅಂಗನವಾಡಿಯಲ್ಲೇ ಪುಕ್ಕಟೆ ಸಿಗುವ ಲಸಿಕೆಗಳನ್ನು ಹಾಕಿಸದೆ ಮಕ್ಕಳನ್ನು ಮನೆಯೊಳಗೆ ಕೂಡಿಹಾಕಿಕೊಂಡಿದ್ದೆವು. ಇದಕ್ಕಿಂತ ದೊಡ್ಡ ವಿಪರ್ಯಾಸವನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ.

ನಾನು ಆರೋಗ್ಯ ಇಲಾಖೆಯಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಮೂವತ್ತೆರಡು ವರ್ಷ ದುಡಿದು ನಿವೃತ್ತಳಾದವಳು. ಜನ ನಮ್ಮನ್ನು ‘ಸೂಜಿ ಅಕ್ಕಾರು’ ಎಂದೇ ಕರೆಯುತ್ತಿದ್ದರು. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ವಿಜಯಪುರ ಜಿಲ್ಲೆಯ ಹಳ್ಳಿ, ತಾಂಡಾ, ತೋಟದ ವಸ್ತಿಗಳನ್ನು ತಿರುಗಿದ್ದೇನೆ. ಪಂಡಿತಳಲ್ಲ, ವೈದ್ಯಳೂ ಅಲ್ಲ. ಆದರೆ ಸೂಜಿ ಹಾಕಿಸಿಕೊಂಡ ಮಗುವಿಗೂ ಹಾಕಿಸಿಕೊಳ್ಳದ ಮಗುವಿಗೂ ಇರುವ ಅಂತರವನ್ನು ಕಣ್ಣಾರೆ ಕಂಡಿದ್ದೇನೆ. ಆ ಅಧಿಕಾರದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಆಗ ಮೊಬೈಲಿನಲ್ಲಿ ನಡೆದ ಒಂದು ಅನುಭಾವ ಗೋಷ್ಠಿಯಲ್ಲಿ ಹಿರಿಯರೊಬ್ಬರು ಹೀಗೆಂದರು: “ಕೊರೊನಾ ಹೋಗ್ಲಿ ತಗೋರಿ, ಆಮ್ಯಾಲ ಸೂಜಿ ಹಾಕಿಸಿದ್ರಾತು. ಕೂಸು ಮನಿಯಾಗ ಐತಿ, ಹೊರಗ ಹೋಗಂಗಿಲ್ಲ, ಅದಕ್ಕ ಯಾವ ರೋಗ ಬರ್ತದ?” ಗೋಷ್ಠಿಯಲ್ಲಿದ್ದವರು ತಲೆದೂಗಿದರು. ಒಬ್ಬರೂ ಎದುರಾಡಲಿಲ್ಲ. ಅವರು ಕೆಟ್ಟವರಲ್ಲ, ಮೂಢರೂ ಅಲ್ಲ, ಓದಿಕೊಂಡವರೇ. ಅದಕ್ಕಾಗಿಯೇ ಆ ಮಾತು ಹೆಚ್ಚು ಅಪಾಯದ್ದು. ಮಂತ್ರವಾದಿ ಹೇಳಿದ್ದರೆ ನಾವೆಲ್ಲ ನಕ್ಕು ಬಿಡುತ್ತಿದ್ದೆವು.

ಆ ಮಾತನ್ನೇ ಬಿಡಿಸಿ ನೋಡೋಣ.

‘ಆಮೇಲೆ’ ಎನ್ನುವುದು ಎಲ್ಲ ಲಸಿಕೆಗೂ ಇಲ್ಲ. ಹುಟ್ಟಿದ ಕೂಸಿಗೆ ಕೊಡುವ ಹೆಪಟೈಟಿಸ್-ಬಿ ಲಸಿಕೆಯನ್ನು 24 ತಾಸಿನೊಳಗೆ ಕೊಡಬೇಕು. ತಾಯಿಯ ರಕ್ತದಲ್ಲಿ ಆ ರೋಗಾಣುವಿದ್ದರೆ ಹೆರಿಗೆಯಲ್ಲೇ ಮಗುವಿಗೆ ಅಂಟುತ್ತದೆ, ಅದನ್ನು ತಡೆಯಲು ಸಿಗುವ ಸಮಯ ಅಷ್ಟೇ. ಹುಟ್ಟಿನ ಪೋಲಿಯೊ ಹನಿಗೆ 15 ದಿನ. ವಾಂತಿ-ಭೇದಿಯ ರೋಟಾ ಲಸಿಕೆಯನ್ನು ವರ್ಷ ತುಂಬುವುದರೊಳಗೆ ಶುರು ಮಾಡದಿದ್ದರೆ ಸರಕಾರಿ ಕಾರ್ಯಕ್ರಮದಲ್ಲಿ ಆ ಬಾಗಿಲು ಮುಚ್ಚಿತು. ಕ್ಷಯದ ಬಿ.ಸಿ.ಜಿ.ಗೂ ಒಂದು ವರ್ಷವೇ ಗಡಿ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಹುಟ್ಟಿದ ಕೂಸಿಗೆ 2021ರ ಶ್ರಾವಣದ ಹೊತ್ತಿಗೆ ಹದಿನಾರು ತಿಂಗಳು ದಾಟಿತ್ತು. ‘ಕೊರೊನಾ ಹೋಗ್ಲಿ’ ಎಂದು ಕಾದ ಆ ಮನೆಗೆ ಕೊರೊನಾ ಹೋಗಲಿಲ್ಲ, ಗಡಿಗಳು ಹೋದವು.

ಇನ್ನು ಒಂದೂವರೆ ತಿಂಗಳು, ಎರಡೂವರೆ ತಿಂಗಳು, ಮೂರೂವರೆ ತಿಂಗಳು ಎಂದು ಐದು ರೋಗದ ಪೆಂಟಾವೇಲೆಂಟ್ ಸೂಜಿ ಹಾಕುತ್ತೇವಲ್ಲ, ಆ ಲೆಕ್ಕವನ್ನು ಇಲಾಖೆಯವರು ತಮ್ಮ ಅನುಕೂಲಕ್ಕೆ ಹಾಕಿದ್ದಲ್ಲ. ತಾಯಿಯಿಂದ ಬಂದ ರಕ್ಷಣೆ ಕೂಸಿನ ಮೈಯಲ್ಲಿ ತಿಂಗಳು ತಿಂಗಳಿಗೆ ಕರಗುತ್ತಾ ಹೋಗುತ್ತದೆ. ನಾಯಿಕೆಮ್ಮು ಕೊಲ್ಲುವುದು ಬಹುಮಟ್ಟಿಗೆ ಮೊದಲ ಕೆಲವು ತಿಂಗಳ ಕೂಸುಗಳನ್ನೇ. ದೊಡ್ಡವರಿಗೆ ಅದು ವಾರಗಟ್ಟಲೆ ಕಾಡುವ ಕೆಮ್ಮು, ಎರಡು ತಿಂಗಳ ಕೂಸಿಗೆ ಉಸಿರೇ ನಿಲ್ಲುವ ರೋಗ. ಆ ಕೂಸಿಗೆ ವರ್ಷ ತುಂಬಿದ ಮೇಲೆ ಸೂಜಿ ಹಾಕಿಸುತ್ತೇನೆ ಎನ್ನುವುದು ಬೆಳೆ ಒಣಗಿದ ಮೇಲೆ ನೀರು ಬಿಟ್ಟಂತೆ. ಒಂದೇ ಸೂಜಿ ಹಾಕಿಸಿ ಸುಮ್ಮನಾದವರಿಗೂ ಇದೇ ಮಾತು. ಮೊದಲನೆಯದು ಪರಿಚಯ ಮಾಡಿಸುತ್ತದೆ, ಎರಡನೆಯದೂ ಮೂರನೆಯದೂ ಗಟ್ಟಿ ಮಾಡುತ್ತವೆ.

‘ಕೂಸು ಮನೆಯಲ್ಲೇ ಇದೆ’ ಎಂಬುದು ಎರಡನೆಯ ಮಾತು. ಕೂಸು ಮನೆಯಲ್ಲಿದೆ, ಸರಿ. ಮನೆಯವರು ಎಲ್ಲಿದ್ದಾರೆ? ಸಂತೆಗೆ ಹೋಗಿದ್ದಾರೆ, ಬ್ಯಾಂಕಿಗೆ ಹೋಗಿದ್ದಾರೆ, ಬೆಂಗಳೂರಿನಿಂದ, ಪುಣೆಯಿಂದ, ಗೋವಾದಿಂದ ದುಡಿದು ಬಂದಿದ್ದಾರೆ. ದಡಾರದ ರೋಗಿ ಒಂದು ಕೋಣೆಯಿಂದ ಎದ್ದು ಹೋದ ಮೇಲೂ ಎರಡು ತಾಸಿನವರೆಗೆ ರೋಗಾಣು ಆ ಗಾಳಿಯಲ್ಲಿ ಉಳಿಯಬಲ್ಲದು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ದಡಾರದ ರೋಗಿ 12ರಿಂದ 18 ಜನರಿಗೆ ಅಂಟಿಸುತ್ತಾನೆ. ಕೊರೊನಾ ಎಂದರೆ ಬೆಚ್ಚಿ ಬೀಳುತ್ತಿದ್ದ ನಾವು, ಅಂಟುವುದರಲ್ಲಿ ಇದಕ್ಕೆ ಸರಿಸಾಟಿಯಿಲ್ಲ ಎಂಬುದನ್ನು ಮರೆತಿದ್ದೆವು. ಧನುರ್ವಾಯುವಿನದ್ದಂತೂ ಬೇರೆಯದೇ ದಾರಿ. ಅದು ಮನುಷ್ಯನಿಂದ ಮನುಷ್ಯನಿಗೆ ಬರುವುದೇ ಇಲ್ಲ. ಮಣ್ಣಿನಲ್ಲಿದೆ, ಸಗಣಿಯಲ್ಲಿದೆ, ತುಕ್ಕು ಹಿಡಿದ ಮೊಳೆಗೆ ಮೆತ್ತಿದ ಧೂಳಿನಲ್ಲಿದೆ. ಹಿತ್ತಲಿನಲ್ಲಿ ಆಡುವ ಮಗುವಿಗೆ ಯಾವ ಲಾಕ್‌ಡೌನ್ ಅದನ್ನು ತಡೆಯುತ್ತದೆ? ಯಾವ ಮಾಸ್ಕ್ ತಡೆಯುತ್ತದೆ?

ಇಷ್ಟಕ್ಕೂ ಕೂಸು ನಿಜವಾಗಿ ಮನೆಯಲ್ಲಿತ್ತೇ? ಆ ಒಂದೂವರೆ ವರ್ಷದಲ್ಲಿ ಕದ್ದುಮುಚ್ಚಿ ನಡೆದ ಮದುವೆಗಳಿಗೆ ಯಾವ ಕೂಸು ಬರಲಿಲ್ಲ ಹೇಳಿ. ತೊಟ್ಟಿಲು ಕಾರ್ಯಕ್ಕೆ ನೂರು ಜನ ಸೇರಿಸಿ, ಕೈಯಿಂದ ಕೈಗೆ ಕೂಸನ್ನು ದಾಟಿಸಿ, ಮುತ್ತಿಟ್ಟು, ಹೋಳಿಗೆ ಊಟ ಮಾಡಿ ಬಂದವರೇ ಮರುದಿನ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರೆ “ಕೊರೊನಾ ಐತಿ, ಕೂಸನ್ನ ಹೊರಗ ತರಂಗಿಲ್ಲ” ಎನ್ನುತ್ತಿದ್ದರು. ತೊಟ್ಟಿಲಿಗೆ ಬಾರದ ಕೊರೊನಾ ಸೂಜಿಗೆ ಮಾತ್ರ ಹೇಗೆ ಬರುತ್ತಿತ್ತೋ ಬಲ್ಲವರು ಹೇಳಬೇಕು.

ಲೆಕ್ಕ ಕೇಳುವವರಿಗೆ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ 2021ರ ಜುಲೈನಲ್ಲಿ ಕೊಟ್ಟ ಅಂಕಿಗಳಂತೆ, 2020ರಲ್ಲಿ ಜಗತ್ತಿನಲ್ಲಿ 2 ಕೋಟಿ 30 ಲಕ್ಷ ಮಕ್ಕಳಿಗೆ ವಾಡಿಕೆಯ ಲಸಿಕೆಗಳು ಪೂರ್ತಿ ಸಿಗಲಿಲ್ಲ. ಹಿಂದಿನ ವರ್ಷಕ್ಕಿಂತ 37 ಲಕ್ಷ ಹೆಚ್ಚು. ನಮ್ಮ ದೇಶದಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಲಸಿಕೆಯ ಮೊದಲ ಡೋಸೂ ಸಿಗದ ಮಕ್ಕಳು 2019ರಲ್ಲಿ 14 ಲಕ್ಷ ಇದ್ದದ್ದು 2020ರಲ್ಲಿ 30 ಲಕ್ಷವಾಯಿತು. ಒಂದೇ ವರ್ಷದಲ್ಲಿ ಇಮ್ಮಡಿಗಿಂತ ಹೆಚ್ಚು. ಮೂರನೇ ಡೋಸ್ ಮುಗಿಸಿದವರ ಪ್ರಮಾಣ ನೂರಕ್ಕೆ 91ರಿಂದ 85ಕ್ಕೆ ಇಳಿಯಿತು. ಆರು ಎಂದರೆ ಸಣ್ಣ ಸಂಖ್ಯೆ ಎನಿಸಬಹುದು. ದಡಾರದಂಥ ರೋಗವನ್ನು ಊರಿಗೆ ಊರೇ ತಡೆಯಬೇಕಾದರೆ ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಆ ಕಟ್ಟೆಯಲ್ಲಿ ಒಂದು ಬಿರುಕು ಸಾಕು.

“ಆದರೆ ಎಲ್ಲೂ ದಡಾರ ಕಾಣುತ್ತಿಲ್ಲವಲ್ಲ?” ಎಂದು ಆಗ ಕೇಳಿದವರಿದ್ದರು. ಕಾಣುತ್ತಿರಲಿಲ್ಲ. ಶಾಲೆ ಮುಚ್ಚಿದ್ದವು, ಅಂಗನವಾಡಿ ಮುಚ್ಚಿದ್ದವು, ಜಾತ್ರೆಗಳಿರಲಿಲ್ಲ. ಮಕ್ಕಳು ಒಂದೆಡೆ ಸೇರುತ್ತಿರಲಿಲ್ಲ. ಆದರೆ ರಕ್ಷಣೆಯಿಲ್ಲದ ಮಕ್ಕಳು ತಿಂಗಳು ತಿಂಗಳಿಗೆ ಕೂಡುತ್ತಾ ಹೋಗುತ್ತಿದ್ದರು, ಕಣದಲ್ಲಿ ಒಣ ಮೇವಿನ ಬಣವೆ ಏರಿದ ಹಾಗೆ. ಬಾಗಿಲು ತೆರೆದ ದಿನ, ಜಾತ್ರೆ ಕೂಡಿದ ದಿನ ಒಂದು ಕಿಡಿ ಬಿದ್ದರೆ ಏನಾಗುತ್ತದೆ ಎಂಬುದನ್ನು ರೈತರ ಮನೆಯವರಿಗೆ ನಾನು ಹೇಳಬೇಕಾಗಿಲ್ಲ.

ಬೇರೆಯವರ ಮನೆ ಸುಟ್ಟದ್ದನ್ನಾದರೂ ನೋಡಬೇಕು. ಆಫ್ರಿಕಾದ ಕಾಂಗೊ ದೇಶದಲ್ಲಿ 2018ರಿಂದ ಎಬೋಲಾ ಹಬ್ಬಿತು. ಜಗತ್ತಿನ ಕಣ್ಣೆಲ್ಲ ಎಬೋಲಾದ ಮೇಲೆ. ಅದು 2,200ಕ್ಕೂ ಹೆಚ್ಚು ಜನರನ್ನು ಕೊಂದಿತು. ಅದೇ ದೇಶದಲ್ಲಿ, ಅದೇ ಹೊತ್ತಿನಲ್ಲಿ, ಯಾರ ಕಣ್ಣೂ ಬೀಳದ ದಡಾರ 2019ರ ಆರಂಭದಿಂದ ಒಂದೇ ವರ್ಷದಲ್ಲಿ 6,000ಕ್ಕೂ ಹೆಚ್ಚು ಜನರನ್ನು ಕೊಂದಿತು. ಅದರಲ್ಲಿ ಬಹುಪಾಲು ಮಕ್ಕಳು. ಹೆಸರು ಕೇಳಿದರೆ ನಡುಗುವ ರೋಗಕ್ಕಿಂತ, ‘ಮಕ್ಕಳಿಗೆ ಬರೋದೇ ಬಿಡ್ರಿ’ ಎನ್ನುವ ರೋಗ ಹೆಚ್ಚು ಸಮಾಧಿ ತೋಡಿತು.

ಇನ್ನೊಂದು ಪ್ರಶ್ನೆ ಇದೆ, ಅದು ನ್ಯಾಯದ ಪ್ರಶ್ನೆ. ಸೂಜಿ ಹಾಕಿಸಲು ಹೋದಾಗಲೇ ಕೊರೊನಾ ಅಂಟಿದರೆ? ಲಂಡನ್ನಿನ ಸಂಶೋಧಕರು ಆಫ್ರಿಕಾದ ದೇಶಗಳಿಗಾಗಿ ಈ ತೂಕವನ್ನೇ ಮಾಡಿ ನೋಡಿ 2020ರಲ್ಲಿ ಪ್ರಕಟಿಸಿದ್ದಾರೆ. ಲಸಿಕೆ ಹಾಕಿಸಲು ಓಡಾಡಿದ್ದರಿಂದ ಮನೆಗೆ ಕೊರೊನಾ ತಂದು ಆಗಬಹುದಾದ ಒಂದು ಸಾವಿಗೆ ಎದುರಾಗಿ, ವಾಡಿಕೆಯ ಲಸಿಕೆ ಮುಂದುವರಿದರೆ 84 ಮಕ್ಕಳ ಸಾವು ತಪ್ಪುತ್ತದೆ ಎಂಬುದು ಅವರ ಅಂದಾಜು. ನಮ್ಮ ದೇಶದ ಅಂಕಿ ಬೇರೆಯಾದೀತು. ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮೇಲಾಗಿ ಆ ಅಪಾಯವನ್ನೂ ಕಡಿಮೆ ಮಾಡಲು ಬರುತ್ತದೆ. ಒಬ್ಬರೇ ಕರೆದುಕೊಂಡು ಹೋಗಿ, ಅಜ್ಜಿ, ಅತ್ತೆ, ನಾದಿನಿ ಎಲ್ಲರೂ ಹೊರಡಬೇಡಿ. ಮೂಗು ಬಾಯಿ ಮುಚ್ಚಿಕೊಳ್ಳಿ, ಅಂಗನವಾಡಿಯ ಒಳಗೆ ಗುಂಪಾಗದೆ ಹೊರಗೆ ಬೇವಿನ ಮರದ ನೆರಳಿನಲ್ಲಿ ನಿಲ್ಲಿ. ಸೂಜಿ ಆದ ಮೇಲೆ ಅರ್ಧ ತಾಸು ಕೂಡಬೇಕು, ಅದನ್ನೂ ಹೊರಗೇ ಕೂತು ಮುಗಿಸಿ.

ತಾಯಂದಿರು ಬಾಯಿಬಿಟ್ಟು ಹೇಳದ, ನನ್ನ ಹತ್ತಿರ ಮಾತ್ರ ಹೇಳಿಕೊಂಡ ಅಂಜಿಕೆಯೊಂದಿದೆ. ಪೆಂಟಾ ಸೂಜಿ ಹಾಕಿಸಿದ ರಾತ್ರಿ ಕೂಸಿಗೆ ಜ್ವರ ಬರುತ್ತದೆ. ಜ್ವರ ಎಂದರೆ ಆ ಕಾಲದಲ್ಲಿ ಏನು? ಗಂಟಲು ದ್ರವ, ಆ್ಯಂಬುಲೆನ್ಸ್, ಮನೆಗೆ ಪಟ್ಟಿ, ಓಣಿಯವರ ಕಣ್ಣು. ಮಗುವಿಗೆ ಜ್ವರ ಬಂದರೆ ಇಡೀ ಮನೆಯನ್ನು ಎತ್ತಿಕೊಂಡು ಹೋಗುತ್ತಾರೆ ಎಂದು 2020ರಲ್ಲಿ ಎಷ್ಟೋ ಮನೆಗಳು ಸೂಜಿಗೇ ಬೆನ್ನು ಹಾಕಿದವು. ಈ ಅಂಜಿಕೆಯನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ತಿಳಿದುಕೊಳ್ಳಿ: ಸೂಜಿಯ ಜ್ವರ ಸಾಮಾನ್ಯವಾಗಿ ಅದೇ ದಿನವೋ ಮರುದಿನವೋ ಬಂದು ಒಂದೆರಡು ದಿನದಲ್ಲಿ ಇಳಿಯುತ್ತದೆ. ತೊಡೆ ಸ್ವಲ್ಪ ಊದಿ ನೋಯುತ್ತದೆ, ಕೆಮ್ಮು ನೆಗಡಿ ಇರುವುದಿಲ್ಲ. ಅಕ್ಕ ಹೇಳಿದ ಅಳತೆಯಲ್ಲಿ ಪ್ಯಾರಸಿಟಮಾಲ್ ಕೊಡಿ, ಮೊಲೆಹಾಲು ಬಿಡಬೇಡಿ, ಸೂಜಿಯ ಜಾಗಕ್ಕೆ ಎಣ್ಣೆ ಅರಿಷಿಣ ತಿಕ್ಕಬೇಡಿ. ಎರಡು ದಿನ ಮೀರಿದರೆ, ಕೂಸು ಹಾಲು ಬಿಟ್ಟರೆ, ಮಂಕಾದರೆ ಆಗ ದವಾಖಾನೆಗೆ ಓಡಿ. ತಾಯಿ ಕಾರ್ಡಿನಲ್ಲಿ ಸೂಜಿಯ ತಾರೀಖು ಬರೆದಿರುತ್ತದೆ, ಜ್ವರ ಯಾಕೆ ಬಂತು ಎಂದು ಕೇಳುವವರಿಗೆ ಅದನ್ನು ತೋರಿಸಿ.

ಸರಕಾರವನ್ನು ಬಿಟ್ಟು ಬರೀ ತಾಯಂದಿರನ್ನು ಬೈದರೆ ಅದು ಅನ್ಯಾಯ. ಆಶಾ, ಅಂಗನವಾಡಿ ಕಾರ್ಯಕರ್ತೆ, ಆರೋಗ್ಯ ಸಹಾಯಕಿ, ಈ ಮೂವರ ಕಾಲಿನ ಮೇಲೆ ಮಕ್ಕಳ ಲಸಿಕೆ ನಡೆಯುತ್ತದೆ. ಆ ಮೂವರನ್ನೇ ಮನೆಮನೆ ಸಮೀಕ್ಷೆಗೆ, ಹೊರಗಿನಿಂದ ಬಂದವರ ಪಟ್ಟಿಗೆ, ಕೈಗೆ ಸೀಲು ಹಾಕಿಸಿಕೊಂಡವರ ಕಾವಲಿಗೆ ಹಾಕಿದರು. 2021ರಲ್ಲಿ ದೊಡ್ಡವರ ಕೊರೊನಾ ಲಸಿಕೆಗೂ ಅದೇ ಸಹಾಯಕಿ, ಅದೇ ಎರಡು ಕೈ. 2020ರ ಜುಲೈನಲ್ಲಿ ರಾಜ್ಯದ 42 ಸಾವಿರದಷ್ಟು ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೊಡಿ, ಮಾಸ್ಕ್ ಕೊಡಿ ಎಂದು ಮುಷ್ಕರ ಕೂತರು. ಅವರಿಗೆ ಚಪ್ಪಾಳೆ ಸಿಕ್ಕಿತು, ಹೂವು ಸಿಕ್ಕಿತು. ಕಾಯಕ ತತ್ವದ ಬಗ್ಗೆ ವಾರಗಟ್ಟಲೆ ಉಪನ್ಯಾಸ ಮಾಡುವ ನಮ್ಮ ಸಂಘಟನೆಗಳಲ್ಲಿ ಎಷ್ಟು ಮಂದಿ ಆ ಹೆಣ್ಣುಮಕ್ಕಳ ಪಕ್ಕದಲ್ಲಿ ಹೋಗಿ ಕೂತರು? ದುಡಿದವರಿಗೆ ಕೂಲಿ ಕೊಡದ ಊರಿನಲ್ಲಿ ಕಾಯಕದ ಮಾತಿಗೆ ಏನು ಬೆಲೆ?

ದುಡ್ಡಿದ್ದವರ ಕಥೆ ಬೇರೆಯಲ್ಲ. 2020ರ ಮೇ ತಿಂಗಳಲ್ಲಿ ನನ್ನ ಮೊಮ್ಮಗಳನ್ನು ಒಂಬತ್ತು ತಿಂಗಳ ಸೂಜಿಗೆಂದು ಮಗ ಪಟ್ಟಣದ ಖಾಸಗಿ ದವಾಖಾನೆಯೊಂದಕ್ಕೆ ಕರೆದೊಯ್ದ. ಬಾಗಿಲಿಗೆ ‘ಮುಂದಿನ ಸೂಚನೆಯವರೆಗೆ ಲಸಿಕೆ ಇಲ್ಲ’ ಎಂಬ ಹಾಳೆ ಅಂಟಿಸಿದ್ದರು. ಹವಾನಿಯಂತ್ರಿತ ಕಟ್ಟಡ, ದೊಡ್ಡ ಬೋರ್ಡು, ಹೆರಿಗೆಗೆ ಲಕ್ಷಗಟ್ಟಲೆ ಬಿಲ್ಲು, ಸೂಜಿಗೆ ಬೀಗ. ಕೊನೆಗೆ ಆ ಸೂಜಿ ಹಾಕಿದ್ದು ಹಳ್ಳಿಯ ಉಪಕೇಂದ್ರದಲ್ಲಿ, ತಗಡಿನ ಕುರ್ಚಿಯ ಮೇಲೆ ಕೂತ ಹೆಣ್ಣುಮಗಳು. ಒಂದು ಪೈಸೆ ಕೇಳಲಿಲ್ಲ.

ಈಗ ನಮ್ಮ ಮಠಗಳ ವಿಷಯಕ್ಕೆ ಬರುತ್ತೇನೆ. ಪೂಜ್ಯರು ಮುನಿಸಿಕೊಳ್ಳಬಾರದು. ಎಷ್ಟೋ ಮಠಗಳು ಆ ಸಂಕಟದಲ್ಲಿ ದಾಸೋಹ ನಡೆಸಿದವು, ವಸತಿ ನಿಲಯಗಳನ್ನು ಆರೈಕೆ ಕೇಂದ್ರಕ್ಕೆ ಬಿಟ್ಟುಕೊಟ್ಟವು. ಅದಕ್ಕೆ ಶರಣು. ಆದರೆ ಜನನ ಸೂತಕವನ್ನು ಒಪ್ಪದ ಪರಂಪರೆ ನಮ್ಮದು ಎನ್ನುತ್ತೇವೆ, ಅದೇ ಮನೆಗಳಲ್ಲಿ ಇಂದಿಗೂ ಬಾಣಂತಿಯನ್ನು ಕತ್ತಲ ಕೋಣೆಯಲ್ಲಿ ಕೂಡಿಸಿ, “ದಿನ ತುಂಬೂತನಕ ಹೊಸ್ತಿಲ ದಾಟಬಾರದು” ಎಂದು ಒಂದೂವರೆ ತಿಂಗಳ ಸೂಜಿಯನ್ನು ತಪ್ಪಿಸುತ್ತಾರೆ. ಕೊರೊನಾ ಬಂದ ಮೇಲೆ ಆ ಹಳೆಯ ಸೂತಕಕ್ಕೆ ಒಂದು ಹೊಸ ನೆವ ಸಿಕ್ಕಿತು. ಮಾರಿ ಮಸಣಿಯರನ್ನು ಶರಣರು ಹೊಸ್ತಿಲಾಚೆ ನಿಲ್ಲಿಸಿದರು ಎನ್ನುತ್ತೇವೆ, ದಡಾರ ಎದ್ದರೆ ‘ಅಮ್ಮ ಬಂದಾಳ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಔಷಧ ಮುಟ್ಟಿಸದೆ ಕೂಡುತ್ತೇವೆ. ಕೊಯಮತ್ತೂರಿನಲ್ಲಿ ಕೊರೊನಾ ದೇವಿಗೆ ಗುಡಿ ಕಟ್ಟಿದರೆಂದು ಓದಿ ನಗುತ್ತೇವೆ. ನಮ್ಮ ಬಾಗಿಲಿನ ಬೇವಿನ ಸೊಪ್ಪು ನಮಗೆ ಕಾಣುವುದಿಲ್ಲ.

ಲಸಿಕೆಯೆಂದರೆ ಈ ನಾಡಿಗೆ ಹೊಸದೂ ಅಲ್ಲ. 1897ರಲ್ಲಿ ಹಾಫ್‌ಕಿನ್ ಮುಂಬೈಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಮರುವರ್ಷ ನಮ್ಮ ಹುಬ್ಬಳ್ಳಿಗೆ ಪ್ಲೇಗು ಬಂತು. ಊರು ಬಿಟ್ಟು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಆ ಹುಬ್ಬಳ್ಳಿಯಲ್ಲಿ, ಆ ಭಯದ ನಡುವೆ, ಮೂವತ್ತು ಸಾವಿರಕ್ಕೂ ಹೆಚ್ಚು ಜನ ಆ ಲಸಿಕೆ ಹಾಕಿಸಿಕೊಂಡರು. ಆಗ ವಾಟ್ಸ್ಆ್ಯಪ್ ಇರಲಿಲ್ಲ ಎಂಬುದೂ ಒಂದು ಕಾರಣವಿರಬಹುದು! 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ಹರಿದಾಡಿದ ಸುಳ್ಳುಗಳು ನಿಮಗೂ ನೆನಪಿರಬೇಕು. ಅದೇ ಸುಳ್ಳುಗಳು ಈಗ ಹೊಸ ಅಂಗಿ ತೊಟ್ಟು ತಿರುಗುತ್ತಿವೆ. ಅವನ್ನು ಮುಂದಕ್ಕೆ ಕಳಿಸುವ ಕೈಗಳಲ್ಲಿ ನಿತ್ಯ ಇಷ್ಟಲಿಂಗ ಪೂಜಿಸುವ ಕೈಗಳೂ ಇವೆ ಎಂದರೆ ತಪ್ಪಾಗಲಿಕ್ಕಿಲ್ಲ.

ನಾನು ಸೇವೆಗೆ ಸೇರಿದ ಹೊಸತರಲ್ಲಿ ಗಂಟಲಮಾರಿಯ ಮಗುವನ್ನು ನೋಡಿದೆ. ಗಂಟಲಿನಲ್ಲಿ ಬೂದಿ ಬಣ್ಣದ ಪೊರೆ, ಕತ್ತು ಎತ್ತಿನ ಕತ್ತಿನ ಹಾಗೆ ಊದಿತ್ತು, ಉಸಿರಿಗೊಮ್ಮೆ ಗರಗಸ ಎಳೆದ ಸದ್ದು. ಅದಕ್ಕೆ ಕೊಡುವ ಮದ್ದು ಕುದುರೆಯ ರಕ್ತದಿಂದ ತಯಾರಾಗುವಂಥದ್ದು, ಬೇಕೆಂದಾಗ ಸಿಗುವುದಿಲ್ಲ, ಇಂದಿಗೂ ಅದಕ್ಕೆ ಪರದಾಟವೇ. ಆ ಮಗು ಬೆಳಗಾಗುವುದರೊಳಗೆ ಹೋಯಿತು. ಗಂಟಲಮಾರಿ ನಮ್ಮ ಉತ್ತರ ಕರ್ನಾಟಕದಿಂದ ಇನ್ನೂ ಹೋಗಿಲ್ಲ. ಐದು ವರ್ಷದ ಮಕ್ಕಳಿಗೆ ಹಾಕುವ ಡಿ.ಪಿ.ಟಿ. ಬೂಸ್ಟರ್ ತಪ್ಪಿದ ಮಕ್ಕಳೇ ಅದಕ್ಕೆ ಹೆಚ್ಚಾಗಿ ಸಿಗುತ್ತಾರೆ. ಅಂಗನವಾಡಿಯೂ ಶಾಲೆಯೂ ಮುಚ್ಚಿದ್ದಾಗ ಆ ಬೂಸ್ಟರನ್ನು ಯಾರು ನೆನಪಿಸಿದರು? ತೊಡೆಯ ಮೇಲಿನ ಕೂಸಿನ ಸೂಜಿ ನೆನಪಿದ್ದವರಿಗೂ ಅಂಗಳದಲ್ಲಿ ಓಡಾಡುವ ಐದು ವರ್ಷದವನದು ನೆನಪಿಲ್ಲ.

ಶ್ರಾವಣ ಬರುತ್ತದೆ. ಮೊಬೈಲಿನಲ್ಲೋ ಮಠದ ಅಂಗಳದಲ್ಲೋ ತಿಂಗಳಿಡೀ ಪ್ರವಚನಗಳಿರುತ್ತವೆ. ಪ್ರತಿ ಪ್ರವಚನದ ಕೊನೆಗೆ ಪೂಜ್ಯರು ಎರಡೇ ನಿಮಿಷ ಈ ಮಾತು ಹೇಳಲಿ. ಕೂಸಿಗೆ ಲಿಂಗಧಾರಣೆಗೆಂದು ಮನೆಗೆ ಬರುವ ಗುರುಗಳು, ವಿಭೂತಿ ಹಚ್ಚುವ ಮೊದಲು “ತಾಯಿ ಕಾರ್ಡ್ ತಾರವ್ವಾ” ಎಂದು ಕೇಳಲಿ. ಖಾಲಿ ಮನೆಗಳಿದ್ದರೆ ಕಾರಣ ಕೇಳಲಿ. ಹತ್ತು ಮಂದಿ ಆರೋಗ್ಯ ಸಹಾಯಕಿಯರು ಹೇಳಿದರೂ ಬಗ್ಗದ ಅತ್ತೆಯರು ಅಪ್ಪಗಳ ಒಂದು ಮಾತಿಗೆ ಬಗ್ಗುತ್ತಾರೆ ಎಂಬುದನ್ನು ಮೂವತ್ತೆರಡು ವರ್ಷ ಕಂಡಿದ್ದೇನೆ. ಅಕ್ಕನ ಬಳಗದ ತಾಯಂದಿರು ತಮ್ಮ ಓಣಿಯ ಕೂಸುಗಳ ಒಂದು ಪಟ್ಟಿ ಇಟ್ಟುಕೊಳ್ಳಲಿ. ಹುಟ್ಟಿದ ತಾರೀಖು, ಆದ ಸೂಜಿ, ಬಾಕಿ ಸೂಜಿ, ಇಷ್ಟೇ. ಅಂಗನವಾಡಿಯಲ್ಲಿ ಜಾಗ ಸಾಲದೆ ಗುಂಪಾಗುವ ಕಡೆ ಮಠದ ಪ್ರಸಾದ ನಿಲಯದ ಪಡಸಾಲೆ ತಿಂಗಳಿಗೊಂದು ದಿನ ತೆರೆಯಲಿ.

ಅವಧಿ ಮೀರಿತೆಂದು ಬೈಸಿಕೊಳ್ಳುವ ಅಂಜಿಕೆಯಿಂದ ಮನೆಯಲ್ಲೇ ಕೂತ ತಾಯಂದಿರಿಗೆ ಒಂದು ಮಾತು. ತಡವಾದರೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ಎಲ್ಲಿ ಬಿಟ್ಟಿದ್ದೀರೋ ಅಲ್ಲಿಂದ ಮುಂದುವರಿಸುತ್ತಾರೆ. ದಡಾರ-ರುಬೆಲ್ಲಾ ಲಸಿಕೆಯನ್ನು ಐದು ವರ್ಷದವರೆಗೂ, ಡಿ.ಪಿ.ಟಿ.ಯನ್ನು ಏಳು ವರ್ಷದವರೆಗೂ ಕೊಡುತ್ತಾರೆ. ಕಾರ್ಡು ಕಳೆದಿದ್ದರೂ ಹೋಗಿ, ಉಪಕೇಂದ್ರದ ರಿಜಿಸ್ಟರಿನಲ್ಲಿ ಹೆಸರಿರುತ್ತದೆ. ಸಣ್ಣ ನೆಗಡಿ, ಸ್ವಲ್ಪ ಭೇದಿ ಇದ್ದರೂ ಹಾಕಿಸಬಹುದು. ಮನೆಯಲ್ಲಿ ಯಾರಿಗಾದರೂ ಕೊರೊನಾ ಇದ್ದರೆ ಮಾತ್ರ ಅಕ್ಕನಿಗೆ ಮೊದಲೇ ಫೋನು ಮಾಡಿ, ಅವರು ಹೇಳಿದ ದಿನ ಹೋಗಿ. “ಒಂದೇ ಕೂಸಿಗೆ ಬಾಟಲಿ ಒಡೆಯಂಗಿಲ್ಲ, ಮುಂದಿನ ವಾರ ಬರ್ರಿ” ಎಂದು ಯಾರಾದರೂ ತಿರುಗಿ ಕಳಿಸಿದರೆ ಸುಮ್ಮನೆ ಬರಬೇಡಿ. ಒಂದೇ ಕೂಸು ಬಂದರೂ ಬಾಟಲಿ ಒಡೆಯಬೇಕು, ಅದೇ ನಿಯಮ.

ನಮ್ಮ ಕಡೆ ಸೂಜಿಯ ದಿನ ಗುರುವಾರ. ದಡಾರದ ಲಸಿಕೆಯನ್ನು ಒಮ್ಮೆ ಕಲಸಿದರೆ ನಾಲ್ಕೇ ತಾಸು, ಆಮೇಲೆ ಚೆಲ್ಲುತ್ತಾರೆ. ಅಡಿಗೆ, ಬುತ್ತಿ ಎಂದು ಮಧ್ಯಾಹ್ನ ಮಾಡದೆ ಮುಂಜಾನೆ ಹತ್ತಕ್ಕೇ ಹೊರಡಿ.